ಎಣ್ಣೆಗದ್ದೆಯ ಮೇಷ್ಟ್ರು

ಕಳೆದ ತಿಂಗಳು ಪಾಂಡವಪುರದ ನಮ್ಮ ಕಾಲೇಜಿನಲ್ಲಿ ಸಂತಾಪ ಸಭೆ ಇತ್ತು. ಮಾತಾಡಿದವರೆಲ್ಲ ತೀರಿಕೊಂಡ ಮೇಷ್ಟ್ರನ್ನು ಸಾಧು, ಸರಳ, ಅಜಾತಶತ್ರು ಎಂದರು. ನಾನು ಹಿಂದಿನ ಬೆಂಚಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಸತ್ತವರ ವಿಷಯದಲ್ಲಿ ಒಳ್ಳೆಯದನ್ನೇ ಆಡಬೇಕು, ಒಪ್ಪುತ್ತೇನೆ. ಆದರೆ ಅವರು ಸಸ್ಯಶಾಸ್ತ್ರದ ಮೇಷ್ಟ್ರು, ನಾನು ರಸಾಯನಶಾಸ್ತ್ರದವಳು; ನಮ್ಮ ಎರಡು ಪ್ರಯೋಗಶಾಲೆಗಳ ನಡುವೆ ಇದ್ದದ್ದು ಒಂದೇ ಬಾಗಿಲು. ಆ ಬಾಗಿಲಿನಿಂದ ಅವರು ನನ್ನ ಬದುಕಿನೊಳಗೆ ತಂದು ಸುರಿದ ಮಣ್ಣು, ವಾಸನೆ, ತಲೆನೋವು ಇವನ್ನೆಲ್ಲ ಆ ಸಭೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅವರಿಗೆ ಬಹು ಪ್ರಿಯವಾದ ಮಾತು ‘ಗೊತ್ತಿಲ್ಲ’. ಈ ತಿಂಗಳು ಪಾಠ ಮುಗಿಯುತ್ತಾ ಎಂದು ಪ್ರಿನ್ಸಿಪಾಲರು ಕೇಳಿದರೆ ‘ಗೊತ್ತಿಲ್ಲ ಸಾರ್’. ಟೀ ಚೆನ್ನಾಗಿದೆಯಾ ಎಂದರೆ ಒಂದು ಗುಟುಕು ಕುಡಿದು ಯೋಚಿಸುತ್ತ ಕೂತು, ಉಳಿದದ್ದನ್ನು ತಣ್ಣಗಾಗಲು ಬಿಡುತ್ತಿದ್ದರು. ಒಮ್ಮೆ ಬಸ್‌ ನಿಲ್ದಾಣದಲ್ಲಿ ಒಬ್ಬ ಮುದುಕ, ‘ಇದು ಕೆ.ಆರ್‌. ಪೇಟೆಗೆ ಓಯ್ತದಾ ಸೋಮಿ?’ ಎಂದು ಕೇಳಿದ. ‘ಬೋರ್ಡು ಹಾಗನ್ನುತ್ತೆ’ ಎಂದರು ಇವರು. ಪಾಪ, ಮುದುಕ ಹತ್ತಲೋ ಬೇಡವೋ ತಿಳಿಯದೆ ನಿಂತೇಬಿಟ್ಟ. ನಾನು ಕೈಹಿಡಿದು ಹತ್ತಿಸಬೇಕಾಯಿತು.

ನಾನು ಕಾಲೇಜಿಗೆ ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ಊರು ನಾಗಮಂಗಲದ ಕಡೆ. ದಿನಾ ಅಲ್ಲಿಂದಲೇ ಬಸ್ಸಿನಲ್ಲಿ ಬರುತ್ತಿದ್ದರು. ತೆಳ್ಳಗೆ, ಸ್ವಲ್ಪ ಬಾಗಿದ ಆಳು. ಷರ್ಟಿನ ಜೇಬಿನಲ್ಲಿ ಪೆನ್ನಿರಲಿಲ್ಲ, ಚಮಚವಿರುತ್ತಿತ್ತು. ಎಲ್ಲಿ ಕಪ್ಪು ಮಣ್ಣು ಕಂಡರೂ ಬಗ್ಗಿ ತೆಗೆದು ಪೊಟ್ಟಣ ಕಟ್ಟುವುದಕ್ಕೆ ಆ ಚಮಚ.

ಈ ಮಣ್ಣಿನ ಹುಚ್ಚು ಶುರುವಾದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಶ್ರೀರಂಗಪಟ್ಟಣದ ಹತ್ತಿರ ಕಿರಂಗೂರಿನ ಬಳಿ ರಸ್ತೆಯಲ್ಲಿ ಒಂದು ಡೀಸೆಲ್‌ ಟ್ಯಾಂಕರು ಮಗುಚಿತು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಆದರೆ ಟ್ಯಾಂಕಿನಲ್ಲಿದ್ದದ್ದು ಇಳಿಜಾರಿನಲ್ಲಿ ಹರಿದು ಚಿಕ್ಕತಾಯಮ್ಮ ಎಂಬಾಕೆಯ ಗದ್ದೆಯಲ್ಲಿ ನಿಂತಿತು. ಸುತ್ತಲಿನವರು ಕೊಡ, ಬಿಂದಿಗೆ, ಡಬ್ಬ ತಂದು ಮೇಲಿನದನ್ನು ತುಂಬಿಕೊಂಡು ಹೋದರು. ಉಳಿದದ್ದನ್ನು ಮಣ್ಣು ಕುಡಿಯಿತು. ವಾರದೊಳಗೆ ಪೈರು ಕರಕಲಾಯಿತು. ಗಂಡ ಸತ್ತ ಮೇಲೆ ಆ ಒಂದು ಗದ್ದೆ, ಎರಡು ಎಮ್ಮೆಗಳನ್ನು ನಂಬಿ ಬದುಕಿದ್ದ ಹೆಂಗಸು ಆಕೆ. ಅಧಿಕಾರಿಗಳು ಬಂದರು, ಮೂಗಿಗೆ ಕರ್ಚೀಫು ಹಿಡಿದು ಬದುವಿನ ಮೇಲೆ ನಿಂತರು, ಬರೆದುಕೊಂಡು ಹೋದರು. ಮೇಲ್ಮಣ್ಣೆಲ್ಲ ಕೆತ್ತಿ ಇಟ್ಟಿಗೆ ಗೂಡಿಗೆ ಹಾಕಿಬಿಡು ಎಂದು ಊರವರು ಬುದ್ಧಿ ಹೇಳಿದರು.

ಟ್ಯಾಂಕರು ಬಿದ್ದ ದಿನ ನಮ್ಮ ಮೇಷ್ಟ್ರು ಏನೋ ಕೆಲಸಕ್ಕೆ ಮೈಸೂರಿಗೆ ಹೊರಟಿದ್ದವರು ಕಿಟಕಿಯಿಂದ ಇದನ್ನು ಕಂಡು ಕಿರಂಗೂರಿನಲ್ಲೇ ಇಳಿದುಬಿಟ್ಟರು. ಮಾರನೆಯ ಬೆಳಗ್ಗೆ ನನ್ನ ಮೇಜಿನ ಮೇಲೆ, ಹಾಜರಿ ಪುಸ್ತಕದ ಮೇಲೆಯೇ, ಡೀಸೆಲ್‌ ಜಿನುಗುವ ಒಂದು ಪೊಟ್ಟಣವಿತ್ತು.

‘ಇದರಲ್ಲಿ ಎಣ್ಣೆ ಎಷ್ಟಿದೆ ತೂಗಿ ಕೊಡಮ್ಮ’ ಎಂದರು.

‘ಯಾಕೆ ಸಾರ್?’

‘ಕಡಿಮೆ ಮಾಡೋಕಾಗುತ್ತಾ ನೋಡಣ.’

‘ಆಗುತ್ತಾ?’

‘ಗೊತ್ತಿಲ್ಲ.’

ಅವರ ತಲೆಯಲ್ಲಿದ್ದದ್ದು ಇಷ್ಟು. ಮಣ್ಣಿನಲ್ಲಿ ಎಣ್ಣೆಯನ್ನೇ ಆಹಾರ ಮಾಡಿಕೊಂಡು ಬದುಕುವ ಸೂಕ್ಷ್ಮಜೀವಿಗಳಿವೆ. ಎಣ್ಣೆ ಒಡೆಯುವ ಶಕ್ತಿ ಅವುಗಳ ಕೆಲವು ಜೀನುಗಳಲ್ಲಿರುತ್ತದೆ. ಕೆಲವು ಜಾತಿಗಳಲ್ಲಿ ಆ ಜೀನುಗಳು ಒಂದು ಪುಟ್ಟ ಬಳೆಯಂಥ ಎಳೆಯ ಮೇಲಿದ್ದು, ಒಂದು ಜೀವಿಯಿಂದ ಪಕ್ಕದ ಇನ್ನೊಂದಕ್ಕೆ ದಾಟಬಲ್ಲವು. ಇದೆಲ್ಲ ಪುಸ್ತಕದಲ್ಲಿದ್ದ ಸಂಗತಿ, ಅವರು ಕಂಡುಹಿಡಿದದ್ದಲ್ಲ. ಅವರ ಯೋಚನೆ ಏನೆಂದರೆ, ವರ್ಷಗಟ್ಟಲೆ ಎಣ್ಣೆ ಸುರಿದ ಗ್ಯಾರೇಜುಗಳ ಮಣ್ಣಿನಲ್ಲಿ ಅಂಥ ಜೀವಿಗಳು ಹೇರಳವಾಗಿರಬೇಕು. ಅವನ್ನು ಬೆಳೆಸಿ ಕಿರಂಗೂರಿನ ಗದ್ದೆಗೆ ಬಿಟ್ಟರೆ, ಹೊಸ ಮಣ್ಣು ಒಗ್ಗದೆ ಅವು ಸತ್ತರೂ, ಸಾಯುವ ಮುಂಚೆ ಆ ಜೀನುಗಳನ್ನು ಗದ್ದೆಯ ಜೀವಿಗಳಿಗೆ ದಾಟಿಸಿ ಹೋಗಬಹುದು. ಮಿಕ್ಕ ಕೆಲಸ ಆ ಊರಿನವೇ ನೋಡಿಕೊಳ್ಳುತ್ತವೆ.

ಕೇಳಲು ಚೆನ್ನಾಗಿತ್ತು. ನಾನೂ ಮರುಳಾದೆ. ನನ್ನ ಪಿಎಚ್‌.ಡಿ.ಗೆ ಇದೇ ವಿಷಯ ಎಂದು ಮೈಸೂರಿನಲ್ಲಿ ಹೆಸರು ನೋಂದಾಯಿಸಿ ಬಂದೆ. ಮಣ್ಣಿನಲ್ಲಿ ಉಳಿದ ಎಣ್ಣೆಯನ್ನು ದ್ರಾವಕದಲ್ಲಿ ಇಳಿಸಿ ತೂಗುವುದು ನನ್ನ ಪಾಲಿನ ಕೆಲಸ. ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು.

ಭಾನುವಾರಗಳು ಹೋದವು. ಕೆ.ಆರ್‌. ಪೇಟೆಯ ಲಾರಿ ಗ್ಯಾರೇಜಿನಲ್ಲಿ ರಹಮತ್‌ ಮೇಸ್ತ್ರಿ ಅಂತ ಒಬ್ಬರಿದ್ದರು. ನಮ್ಮ ಮೇಷ್ಟ್ರು ಲಾರಿಯ ಕೆಳಗೆ ನುಗ್ಗಿ ಚಮಚದಲ್ಲಿ ಮಣ್ಣು ಕೆರೆಯುವುದನ್ನು ಬಹಳ ಹೊತ್ತು ನೋಡಿ, ‘ಚಮಚ ಯಾಕೆ ಸಾಬ್‌, ಬಾಣ್ಲಿ ಕೊಡ್ತೀನಿ, ಪೂರಾ ತಗೊಂಡೋಗಿ, ನಮ್ಗೂ ಜಾಗ ಕ್ಲೀನ್‌ ಆಗ್ತದೆ’ ಎಂದರು. ಬೇಡ, ಸ್ವಲ್ಪ ಸಾಕು ಎಂದು ಹೇಳಿ ಮುಗಿಸಬೇಕೋ ಬೇಡವೋ? ಇವರು ಅಲ್ಲೇ ಟೈರಿನ ಮೇಲೆ ಕೂತು ಆತನಿಗೆ ಬ್ಯಾಕ್ಟೀರಿಯಾ ಎಂದರೇನು ಎಂದು ಶುರುಮಾಡಿದರು. ನಮ್ಮ ಬಸ್ಸು ಹೋಯಿತು. ಮುಂದಿನ ಬಸ್ಸಿಗೆ ಎರಡು ಗಂಟೆ ಕಾದೆವು.

ವಿದ್ಯಾರ್ಥಿಗಳನ್ನು ಹೊಸಹೊಳಲಿನ ದೇವಸ್ಥಾನ ತೋರಿಸಲು ಕರೆದೊಯ್ದಾಗ ಹುಡುಗರು ಗೋಡೆಯ ಶಿಲ್ಪ ನೋಡುತ್ತಿದ್ದರೆ, ಇವರು ದೀಪದ ಕಂಬದ ಬುಡದಲ್ಲಿ ಬಗ್ಗಿದ್ದರು. ಅದು ಹಿಪ್ಪೆಎಣ್ಣೆಯೋ ಎಳ್ಳೆಣ್ಣೆಯೋ, ಡೀಸೆಲ್‌ ತಿನ್ನುವ ಜೀವಿ ಅಲ್ಲಿ ಯಾಕಿರುತ್ತೆ ಎಂದು ನಾನು ಕೇಳಿದೆ. ‘ಇರಲ್ಲ ಅಂತ ಹೆಂಗೆ ಹೇಳ್ತೀಯ?’ ಎಂದರು. ಅರ್ಚಕರಿಗೆ ಇವರು ದೇವಸ್ಥಾನದ ಮಣ್ಣು ಕದ್ದು ಮಾಟ ಮಾಡಿಸುವವರಂತೆ ಕಂಡಿರಬೇಕು. ಪೊಟ್ಟಣ ಬಿಚ್ಚಿಸಿ ಮಣ್ಣನ್ನು ಅಲ್ಲೇ ಹಾಕಿಸಿದರು. ಮೂವತ್ತು ವಿದ್ಯಾರ್ಥಿಗಳ ಎದುರು ತಲೆ ತಗ್ಗಿಸಿ ನಿಂತವಳು ನಾನು. ಇವರು ಮಾತ್ರ ಬಸ್ಸಿನಲ್ಲಿ, ‘ಅವರದೂ ನ್ಯಾಯಾನೇ’ ಎಂದುಕೊಂಡು ನಿದ್ದೆ ಹೋದರು.

ಫ್ಲಾಸ್ಕಿನಲ್ಲಿ ಬೆಳೆಯುವ ಈ ಜೀವಿಗಳಿಗೆ ಗಾಳಿ ಬೇಕು, ಅದಕ್ಕೆ ಫ್ಲಾಸ್ಕು ಸದಾ ಅಲುಗುತ್ತಿರಬೇಕು. ಅಲುಗಿಸುವ ಯಂತ್ರ ನಮ್ಮ ಕಾಲೇಜಿಗೆ ಎಲ್ಲಿಂದ ಬರಬೇಕು? ಕಾಲೇಜಿನ ಹಿಂದಿನ ಬೀದಿಯ ಹಿಟ್ಟಿನ ಗಿರಣಿಯಲ್ಲಿ ಮೋಟಾರಿನ ಪಕ್ಕದ ಹಲಗೆ ಬೆಳಗ್ಗಿನಿಂದ ಸಂಜೆಯವರೆಗೆ ಅದುರುವುದನ್ನು ಇವರು ಕಂಡಿಟ್ಟುಕೊಂಡಿದ್ದರು. ಅಲ್ಲಿ ಆರು ಫ್ಲಾಸ್ಕು ಕಟ್ಟಿಸಿದರು. ಹದಿನೈದು ದಿನದಲ್ಲಿ ಗಿರಣಿಯವನು ನನ್ನನ್ನು ಹುಡುಕಿಕೊಂಡು ಬಂದ.

‘ಮೇಡಂ, ಆವಯ್ಯಂಗೆ ನೀವಾರ ವಸಿ ಏಳಿ. ರಾಗಿ ಇಟ್ಟು ಡೀಸೆಲ್‌ ನಾತ ಒಡೀತದೆ ಅಂತ ಜನ ಬೇರೆ ಮಿಲ್ಲಿಗೆ ಓಯ್ತಾವ್ರೆ. ನಾನ್‌ ಕೇಳುದ್ರೆ, ನಾತ ಕಮ್ಮಿ ಆಗೈತೆ ಅಂದ್ರೆ ಅವು ತಿಂತಾವೆ ಅಂತ ಅರ್ಥ, ಸಂತೋಸದ್‌ ವಿಸ್ಯ ಅಂತಾರೆ.’

ಹೇಳಿದೆ. ಫ್ಲಾಸ್ಕುಗಳು ಗಿರಣಿಯಿಂದ ನಮ್ಮ ಸ್ಟಾಫ್‌ ರೂಮಿಗೆ ಬಂದವು. ಆ ವರ್ಷದ ಉತ್ತರ ಪತ್ರಿಕೆಗಳೆಲ್ಲ ಡೀಸೆಲ್‌ ವಾಸನೆ ಹೊಡೆದವು.

ಚಿಕ್ಕತಾಯಮ್ಮನನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಆಕೆ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಇವರ ಪಾಠವನ್ನೆಲ್ಲ ಕೇಳಿದಳು. ಒಂದು ಜೀವಿ ಇನ್ನೊಂದಕ್ಕೆ ಬಳೆ ತೊಡಿಸಿದ ಹಾಗೆ ಈ ಗುಣ ದಾಟುತ್ತೆ, ಕೊಟ್ಟ ಮೇಲೂ ಕೊಟ್ಟವಳ ಕೈಯಲ್ಲಿ ಅಂಥದೇ ಒಂದು ಉಳಿದಿರುತ್ತೆ ಎಂದು ಇವರು ವಿವರಿಸಿದಾಗ, ‘ಅಂಥ ಬಳೆ ಎಲ್ ಸಿಕ್ತದೆ ಮೇಷ್ಟ್ರೇ, ನನ್ ಮಗಳಿಗೂ ಒಂದ್‌ ಜೊತೆ ಬೇಕಿತ್ತು’ ಎಂದು ನಕ್ಕಳು. ಟ್ಯಾಂಕರು ಬಿದ್ದ ಮೇಲೆ ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಸರಿ, ಮಾಡಿ ಎಂದಳು.

ಆಮೇಲೆ ಇವರು ಗದ್ದೆಯನ್ನು ಮೂರು ಪಟ್ಟೆ ಮಾಡಿ ನಡುವೆ ಬದು ಹಾಕಿಸಿದರು. ಮೊದಲನೆಯದನ್ನು ಉತ್ತು, ಕೊಟ್ಟಿಗೆ ಗೊಬ್ಬರ ಹಾಕಿ, ತಾವು ಬೆಳೆಸಿದ ಜೀವಿಗಳನ್ನು ಸುರಿದರು. ಎರಡನೆಯದಕ್ಕೆ ಉಳುಮೆ ಮತ್ತು ಗೊಬ್ಬರ ಅಷ್ಟೆ. ಮೂರನೆಯದನ್ನು ಮುಟ್ಟಲೇ ಇಲ್ಲ.

‘ಅದ್ಯಾಕ್‌ ಮೇಷ್ಟ್ರೇ ಅದೊಂದ್‌ ಪಟ್ಟೆ ಅಂಗೇ ಬುಟ್ರಿ?’

‘ಹೋಲಿಕೆಗೆ, ಚಿಕ್ಕತಾಯಮ್ಮ. ಏನೂ ಮಾಡದೆ ಬಿಟ್ರೆ ಏನಾಗುತ್ತೆ ಅಂತ ಗೊತ್ತಾಗಬೇಕಲ್ಲ.’

‘ಏನಾಯ್ತದೆ? ಸಾಯ್ತದೆ. ಅದ ನೋಡಾಕೆ ವರ್ಸ ಬೇಕಾ?’

‘ಸಾಯುತ್ತೋ ಇಲ್ವೋ ಗೊತ್ತಿಲ್ಲ.’

‘ನಂಗ್‌ ಗೊತ್ತು ಬುಡಿ’ ಎಂದು ಆಕೆ ಎದ್ದು ಹೋದಳು.

ನಾನು ಆಕೆಯ ಪರವಾಗಿಯೇ ಜಗಳವಾಡಿದೆ. ಇರುವುದು ಒಂದು ಗದ್ದೆ, ಅದರಲ್ಲಿ ಮೂರನೆಯ ಒಂದು ಪಾಲನ್ನು ನಮ್ಮ ಹೋಲಿಕೆಗೆ ಬಲಿ ಕೊಡುವುದು ಯಾವ ನ್ಯಾಯ ಎಂದೆ. ಅವರು ಮಾತಾಡಲಿಲ್ಲ. ಅವರ ಮೌನ ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ; ಮಾಡುವುದನ್ನು ಮಾಡಿಕೊಂಡು ಹೋಗುವುದು. ಆ ಮೌನವನ್ನು ಎಂಟು ವರ್ಷ ಸಹಿಸಿದ್ದಕ್ಕೆ ನನಗೊಂದು ಪ್ರಶಸ್ತಿ ಬರಬೇಕಿತ್ತು.

ಮೊದಲ ನಾಲ್ಕು ತಿಂಗಳು ನನ್ನ ತಕ್ಕಡಿ ಸಿಹಿ ಸುದ್ದಿಯನ್ನೇ ಕೊಟ್ಟಿತು. ಜೀವಿಗಳನ್ನು ಸುರಿದ ಪಟ್ಟೆಯಲ್ಲಿ ಎಣ್ಣೆ ಬೇಗ ಬೇಗ ಇಳಿಯಿತು, ಎರಡನೆಯದರಲ್ಲಿ ನಿಧಾನವಾಗಿ. ಮೂರನೆಯದು ಇದ್ದ ಹಾಗೇ ಇತ್ತು. ನಾನು ಗ್ರಾಫ್‌ ಹಾಳೆಯ ಮೇಲೆ ಮೂರು ಬಣ್ಣದಲ್ಲಿ ಗೆರೆ ಎಳೆದು ಸ್ಟಾಫ್‌ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಪ್ರಿನ್ಸಿಪಾಲರು ಮೊದಲ ಬಾರಿಗೆ ಮೂಗು ಮುಚ್ಚಿಕೊಳ್ಳದೆ ಫ್ಲಾಸ್ಕುಗಳ ಪಕ್ಕ ಕೂತು ಟೀ ಕುಡಿದರು.

ಐದನೆಯ ತಿಂಗಳು ಮೂರನೆಯ ಪಟ್ಟೆಯಲ್ಲೂ ಎಣ್ಣೆ ಇದ್ದಕ್ಕಿದ್ದಂತೆ ಇಳಿಯತೊಡಗಿತು. ನಾನು ತೂಗಿದ್ದೇ ತಪ್ಪಿರಬೇಕೆಂದು ಮೂರು ಸಲ ತೂಗಿದೆ. ಕೊನೆಗೆ ಇಬ್ಬರೂ ಕಿರಂಗೂರಿಗೆ ಹೋದೆವು. ಮೇಷ್ಟ್ರು ಆ ಪಟ್ಟೆಯಲ್ಲಿ ಬಗ್ಗಿ ಮಣ್ಣು ಕೆದರಿದರು. ಮೇಲೆ ಎರಡು ಬೆರಳು ದಪ್ಪ ಬೇರೆ ಬಣ್ಣದ ಮಣ್ಣು, ಅದರಲ್ಲಿ ಗೊಬ್ಬರದ ಹುಡಿ. ನಾವು ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಚಿಕ್ಕತಾಯಮ್ಮ ತಾನೇ ಬಂದು ನಿಂತಳು.

‘ಉಡುಕ್ಬ್ಯಾಡಿ ಮೇಷ್ಟ್ರೇ. ನಾನೇ ಆಕ್ದೆ. ಚೆನ್ನಾಗಿರೋ ಪಟ್ಟೆ ಮಣ್ಣ ಮಂಕ್ರೀಲಿ ಒತ್ತು ಮೂರ್‌ ದಿನ ಅರ್ಡುದೆ. ಇಬ್ರು ಮಕ್ಳಿಗೆ ಇಕ್ಕಿ ಒಬ್ಬಂಗೆ ಉಪಾಸ ಕೆಡುವ್ದಂಗಾಗಿತ್ತು ನಂಗೆ. ದಿನಾ ಅದ್ರ ಮುಂದ್ಲಿಂದ್ಲೇ ಓಡಾಡ್ಬೇಕಲ್ಲ. ನಿಮ್ಗೇನು, ವಾರಕ್ಕೊಂದ್ಸಲ ಬತ್ತೀರಿ.’

ನನಗೆ ಅಳು ಬಂತು. ಆಕೆಯ ಮಾತಿಗಲ್ಲ, ನನ್ನ ಪಿಎಚ್‌.ಡಿ.ಗೆ. ಹೋಲಿಕೆಯ ಪಟ್ಟೆಯೇ ಕೆಟ್ಟ ಮೇಲೆ ಉಳಿದದ್ದೇನು? ಮೇಷ್ಟ್ರು ಆಕೆಯನ್ನು ಬಯ್ಯುತ್ತಾರೆಂದು ಕಾದೆ. ಅವರು ಬದುವಿನ ಮೇಲೆ ಕೂತು ಕೈಗೆ ಹತ್ತಿದ ಮಣ್ಣು ಉಜ್ಜಿಕೊಂಡರು. ಆಮೇಲೆ ನನಗೆ, ‘ಬರ್ಕೊಳಮ್ಮ. ಚಿಕ್ಕತಾಯಮ್ಮನವರು ಮೂರನೇ ಪಟ್ಟೆಗೆ ಮಣ್ಣು ಹರಡಿದರು. ಎಷ್ಟು ಮಂಕ್ರಿ ಕೇಳಿ ಅದನ್ನೂ ಬರಿ’ ಎಂದರು. ನಾನು ಕೇಳಲಿಲ್ಲ. ಅವರೇ ಕೇಳಿದರು. ಆಕೆ ಬೆರಳು ಮಡಿಸಿ ಮಡಿಸಿ ಲೆಕ್ಕ ಕೊಟ್ಟಳು.

ವರ್ಷ ತುಂಬುವ ಹೊತ್ತಿಗೆ ಇನ್ನೊಂದು ಏಟು ಬಿತ್ತು. ಬರೀ ಗೊಬ್ಬರ ಮತ್ತು ಉಳುಮೆ ಕಂಡ ಎರಡನೆಯ ಪಟ್ಟೆ ನಿಧಾನವಾಗಿ ಬಂದು ಮೊದಲನೆಯದರ ಸಮಕ್ಕೆ ನಿಂತಿತು. ವಿಶ್ವವಿದ್ಯಾಲಯದಲ್ಲಿ ಕೆಲಸದಲ್ಲಿದ್ದ ಅವರ ಹಳೆಯ ಸಹಪಾಠಿಯೊಬ್ಬರು ಮೂರೂ ಪಟ್ಟೆಯ ಜೀವಿಗಳನ್ನು ಪರೀಕ್ಷಿಸಿ, ಆ ಬಳೆಯಂಥ ಎಳೆ ಮೂರರಲ್ಲೂ ಇದೆ ಎಂದು ಕಾಗದ ಬರೆದರು. ನಾನು ಕುಣಿದಾಡಿದೆ. ನೀರಿನ ಜತೆ ಬದು ದಾಟಿ ನಮ್ಮ ಜೀನು ಎಲ್ಲ ಕಡೆ ಹರಡಿದೆ, ಅದಕ್ಕೇ ಎಲ್ಲವೂ ಸಮ ಎಂದೆ.

‘ಹರಡಿರಬಹುದು’ ಎಂದರು ಅವರು. ‘ಇಲ್ಲಾ ಮೊದಲಿಂದಲೂ ಅಲ್ಲೇ ಇತ್ತೇನೋ. ಗಾಳಿ, ಗೊಬ್ಬರ ಸಿಕ್ಕಿದ ಮೇಲೆ ಎದ್ದು ಕೂತಿರಬಹುದು. ಟ್ಯಾಂಕರ್‌ ಬೀಳೋ ಮುಂಚಿನ ಮಣ್ಣು ಯಾರ ಹತ್ರ ಇದೆ, ನೋಡೋಕೆ?’

ಯಾರ ಹತ್ತಿರವೂ ಇರಲಿಲ್ಲ.

ಆ ಸುಗ್ಗಿಗೆ ಗದ್ದೆಯಲ್ಲಿ ಭತ್ತ ಬಂತು. ಬಹಳ ಚೆನ್ನಾಗಿ ಅಲ್ಲ, ಆದರೆ ಬಂತು. ಮೈಸೂರಿನ ಒಂದು ವಿಚಾರ ಸಂಕಿರಣಕ್ಕೆ ನಮ್ಮನ್ನು ಕರೆದರು. ಅಧ್ಯಕ್ಷರು ದೊಡ್ಡ ವಿಜ್ಞಾನಿ; ವರದಿ ಮೆಚ್ಚುಗೆಯಾದರೆ ನಮ್ಮ ಕಾಲೇಜಿಗೆ ಒಂದು ಯೋಜನೆ, ಯಂತ್ರಗಳು, ನನ್ನ ಪ್ರಬಂಧಕ್ಕೆ ದಾರಿ ಎಲ್ಲ ಆಗುತ್ತದೆಂದು ಸಹಪಾಠಿ ಮೊದಲೇ ತಿಳಿಸಿದ್ದರು. ಲೇಖನ ಬರೆದವಳು ನಾನು. ಗ್ರಾಫನ್ನು ನಾಲ್ಕನೆಯ ತಿಂಗಳಿಗೆ ನಿಲ್ಲಿಸಿದ್ದೆ. ಸುಳ್ಳು ಏನೂ ಇರಲಿಲ್ಲ. ಮುಂದಿನದು ಇರಲಿಲ್ಲ, ಅಷ್ಟೆ. ಮೇಷ್ಟ್ರು ಓದಿ, ‘ಪೂರ್ತಿ ವರ್ಷದ್ದು ಹಾಕಮ್ಮ’ ಎಂದರು. ಹಾಕುತ್ತೇನೆಂದು ಹೇಳಿ ಹಾಕಲಿಲ್ಲ.

ವೇದಿಕೆಯ ಮೇಲೆ ಅವರು ನನ್ನ ಲೇಖನವನ್ನು ಓದಲೇ ಇಲ್ಲ. ಪೂರ್ತಿ ವರ್ಷದ ಗ್ರಾಫನ್ನು ಕೈಯಲ್ಲಿ ಬರೆದು ತಂದಿದ್ದರು. ಗದ್ದೆ ಸುಧಾರಿಸಿದೆ, ನಮ್ಮ ಜೀವಿಗಳು ಮೊದಮೊದಲು ಕೆಲಸವನ್ನು ಚುರುಕು ಮಾಡಿದಂತೆ ಕಾಣುತ್ತದೆ, ಕೊನೆಗೆ ಉಳುಮೆ ಮತ್ತು ಗೊಬ್ಬರವೂ ಅಷ್ಟೇ ದೂರ ತಲುಪಿದವು, ಹೋಲಿಕೆಯ ಪಟ್ಟೆ ಕೆಟ್ಟಿತು, ಜೀನು ದಾಟಿತೋ ಇಲ್ಲವೋ ಗೊತ್ತಿಲ್ಲ ಎಂದರು.

ಅಧ್ಯಕ್ಷರು ಕನ್ನಡಕ ತೆಗೆದು, ‘ಹಾಗಾದರೆ ತಾವು ಏನು ಹೇಳೋಕೆ ಬಂದಿರಿ?’ ಎಂದರು.

‘ಇಷ್ಟನ್ನೇ ಸಾರ್’ ಎಂದು ಇವರು ಇಳಿದು ಬಂದು ನನ್ನ ಪಕ್ಕ ಕೂತರು. ಹಿಂದೆ ಯಾರೋ ನಕ್ಕರು. ಯೋಜನೆ ಅಲ್ಲಿಗೆ ಮುಗಿಯಿತು.

ವಾಪಸ್ಸು ಬರುವ ಬಸ್ಸಿನಲ್ಲಿ ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನಿಮಗೇನು, ಇನ್ನು ಕೆಲವೇ ವರ್ಷ ನೌಕರಿ, ನನ್ನ ಬದುಕು ಮುಂದಿದೆ ಎಂದೆ. ನಿಮ್ಮ ಪ್ರಾಮಾಣಿಕತೆ ಬೇರೆಯವರ ಖರ್ಚಿನಲ್ಲಿ ನಡೆಯುತ್ತೆ ಎಂದೂ ಅಂದೆ. ಅವರು ಕಿಟಕಿಯ ಕಡೆ ನೋಡುತ್ತಲೇ ಹೇಳಿದರು:

‘ನಾಳೆ ಇನ್ನೆಲ್ಲೋ ಇಂಥದೇ ಟ್ಯಾಂಕರ್‌ ಬೀಳುತ್ತೆ ಕಣಮ್ಮ. ನಿನ್ನ ಪೇಪರ್‌ ಓದಿದೋರು ಉಳೋದು ಬಿಟ್ಟು, ಗೊಬ್ಬರ ಬಿಟ್ಟು, ಬರೀ ನಮ್ಮ ಜೀವಿಗಳ ಡಬ್ಬಿ ಸುರಿದು ಕೂತ್ಕೋತಾರೆ. ಆ ಗದ್ದೆ ಸತ್ತರೆ?’

ನನಗೆ ಇನ್ನಷ್ಟು ಸಿಟ್ಟು ಬಂತು. ಶ್ರೀರಂಗಪಟ್ಟಣದಲ್ಲಿ ಹೇಳದೆ ಕೇಳದೆ ಇಳಿದು ಮನೆಗೆ ಹೋದೆ. ಮೂರು ತಿಂಗಳು ನಮ್ಮಿಬ್ಬರ ನಡುವಿನ ಆ ಬಾಗಿಲಿಗೆ ನನ್ನ ಕಡೆಯಿಂದ ಚಿಲಕ ಹಾಕಿದ್ದೆ. ವಿಷಯ ಬದಲಿಸಿ, ಕಬ್ಬಿನ ಸಿಪ್ಪೆಯ ಮೇಲೆ ಕೆಲಸ ಮಾಡಿ ಪಿಎಚ್‌.ಡಿ. ಮುಗಿಸುವಷ್ಟರಲ್ಲಿ ನಾಲ್ಕು ವರ್ಷ ಹೆಚ್ಚಿಗೆ ಹಿಡಿಯಿತು. ಅವರು ನಿವೃತ್ತರಾದ ದಿನ ನಾನು ಭಾಷಣ ಮಾಡಲಿಲ್ಲ. ಹಾರ ಹಾಕಿ ಬಂದೆ.

ಎರಡು ವರ್ಷ ಕಳೆದು, ಈಗ ಎದೆನೋವು ಬಂದು ಒಂದೇ ದಿನದಲ್ಲಿ ಹೋದರು.

ಸಂತಾಪ ಸಭೆ ಮುಗಿದ ಭಾನುವಾರ ನಾನು ಕಿರಂಗೂರಿಗೆ ಹೋದೆ. ಚಿಕ್ಕತಾಯಮ್ಮನಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಹೇಳಿದಾಗ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಜಗಲಿಯ ಮೇಲೆ ಕೂತಳು.

‘ಓದ್‌ ವರ್ಸದ್‌ ನಾಟಿಗೂ ಬಂದಿದ್ರು ಕನವ್ವ’ ಎಂದಳು. ‘ವರ್ಸಾ ವರ್ಸಾ ಬರೋರು. ಮಣ್‌ ಮೂಸ್‌ ನೋಡ್ಕಂಡ್‌ ಓಗೋರು. ಮೊದಲ್ನೇ ಬೆಳೇ ಅಕ್ಕಿ ಉಂಡೋರೂ ಅವ್ರೇ ಅಲ್ವಾ.’

‘ಯಾವ ಅಕ್ಕಿ?’

‘ನಿಮಗ್‌ ಏಳಿಲ್ವಾ? ಎಣ್ಣೆ ಬಿದ್ಮೇಲೆ ಮೊದಲ್ನೇ ಸಲ ಬತ್ತ ಬಂತಲ್ಲ, ಅದು. ಚಿಕ್ಕತಾಯಮ್ಮ, ಮಣ್ಣಲ್ಲಿ ಎಣ್ಣೆ ಓಗೈತೆ, ಅಕ್ಕೀಲಿ ಏನೈತೋ ಗೊತ್ತಿಲ್ಲ, ಮನೇಲಿ ಯಾರೂ ಉಣ್ಬೇಡಿ, ಮಾರ್ಲೂಬೇಡಿ, ಮೊದ್ಲು ನಾನ್‌ ಉಂಡ್‌ ನೋಡ್ತೀನಿ ಅಂದ್ರು. ಒಂದ್‌ ಮೂಟೆ ಬಸ್ಸಿಗ್‌ ಆಕ್ಕೊಂಡ್‌ ಓದ್ರು. ನಾವ್‌ ಉಣ್ಣಾಕೆ ನಾಗ್‌ಮಂಗ್ಲದಿಂದ ಅವ್ರ್‌ ಒಲದ್‌ ರಾಗಿ ಎರಡ್‌ ಮೂಟೆ ತಂದಾಕುದ್ರು. ಹೆಂಡ್ರಿಗೂ ಇಕ್ಕಾಕಿಲ್ಲ, ನಾನೊಬ್ನೇ ಉಣ್ತೀನಿ ಅಂದಿದ್ರು. ಉಗಾದಿ ಕಳದ್ಮೇಲೆ ಬಂದು, ನಂಗೇನೂ ಆಗಿಲ್ಲ, ಇನ್‌ ಉಣ್ಣಿ ಅಂತ ಏಳೋದ್ರು.’

ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬ ಮನುಷ್ಯ, ಒಂದು ಮೂಟೆ, ನಾಲ್ಕು ತಿಂಗಳು. ಅದರಿಂದ ಏನು ಸಾಬೀತಾಗುತ್ತೆ? ಅಂಥ ವಿಷ ಇದ್ದರೆ ತಿಂದವರಿಗೆ ಯಾವ ವರ್ಷ ತಿಳಿಯುತ್ತೋ ಯಾರು ಬಲ್ಲರು? ನನ್ನ ವಿದ್ಯಾರ್ಥಿ ಯಾರಾದರೂ ಇಂಥ ಪರೀಕ್ಷೆ ಬರೆದು ತಂದಿದ್ದರೆ ಹಾಳೆ ಹರಿದು ಹಾಕುತ್ತಿದ್ದೆ. ಇದು ಅವರಿಗೆ ತಿಳಿಯದ್ದಲ್ಲ, ನನಗಿಂತ ಚೆನ್ನಾಗಿ ತಿಳಿದಿತ್ತು. ನಾನು ಬಾಗಿಲಿಗೆ ಚಿಲಕ ಹಾಕಿ ಕೂತಿದ್ದ ಆ ಮೂರು ತಿಂಗಳೂ ಪಕ್ಕದ ಕೋಣೆಯಲ್ಲಿ ಆ ಮನುಷ್ಯ ದಿನಾ ಮಧ್ಯಾಹ್ನ ಡಬ್ಬಿ ಬಿಚ್ಚಿ ಆ ಅನ್ನವನ್ನೇ ಉಣ್ಣುತ್ತಿದ್ದರು, ಒಂದು ಮಾತೂ ಆಡದೆ.

ಚಿಕ್ಕತಾಯಮ್ಮ ಎದ್ದು ಒಳಗೆ ಹೋದಳು. ‘ವತ್ತಾಯ್ತು, ಉಣ್ಬುಟ್ಟು ಓಗಿ’ ಎಂದಳು. ಗದ್ದೆಯಲ್ಲಿ ಮತ್ತೆ ಭತ್ತ ಬಂದ ಮೇಲೆ ನಾನು ಈ ಕಡೆ ಬಂದಾಗಲೆಲ್ಲ ಆಕೆ ಹಾಗೆ ಕರೆದಿದ್ದಳು. ನಾನು ಬಸ್ಸಿನ ನೆವ, ಉಪವಾಸದ ನೆವ, ಒಂದೊಂದು ಸಲ ಒಂದೊಂದು ಹೇಳಿ ತಪ್ಪಿಸಿಕೊಂಡಿದ್ದೆ. ಆ ಗದ್ದೆಯ ಎಣ್ಣೆಯನ್ನು ತಿಂಗಳು ತಿಂಗಳೂ ತೂಗಿದ ಕೈ ಇದು. ಅಲ್ಲಿಯ ಒಂದು ತುತ್ತನ್ನೂ ಬಾಯಿಗೆ ಇಟ್ಟಿರಲಿಲ್ಲ.

ಕಾಲು ತೊಳೆದು ಒಳಗೆ ಹೋಗಿ ಕೂತೆ. ಆಕೆ ತಟ್ಟೆಯ ತುಂಬ ಬಿಸಿ ಅನ್ನ ಹಾಕಿ ಸಾರು ಬಿಟ್ಟಳು. ಉಂಡೆ. ಎರಡನೆಯ ಸಲ ಬಡಿಸಲು ಬಂದಾಗ ಬೇಡ ಎನ್ನಲಿಲ್ಲ.